ದೊಡ್ಡ ಕರುಳಿನ ಕ್ಯಾನ್ಸರ್: ಹೊಟ್ಟೆ ತೆರೆದು ಮಾಡಬೇಕೋ, ಉದರದರ್ಶಕದಿಂದ ಮಾಡಬೇಕೋ?

ಹಿರಿಯೂರಿಗೆ ಸಮೀಪದ ಬಬ್ಬೂರು, ಅಲ್ಲಿಯ ಕೃಷಿ ಸಂಶೋಧನಾ ಕೇಂದ್ರದ ದೆಸೆಯಿಂದ ‘ಬಬ್ಬೂರು ಫಾರಂ’ ಎಂದೇ ಚಿತ್ರದುರ್ಗ ಜಿಲ್ಲೆಯ ರೈತಾಪಿ ಮನೆಗಳಿಗೆ ಪರಿಚಿತವಾದ ಊರು. ವೇದಾವತಿಯ ಬಯಲಿನಲ್ಲಿ ಮಾರಿಕಣಿವೆಯ ನೀರನ್ನೂ ಕೊಳವೆಬಾವಿಯನ್ನೂ ನಂಬಿ ತೆಂಗು, ಅಡಿಕೆ, ಶೇಂಗಾ, ಈರುಳ್ಳಿಗಳನ್ನು ಬೆಳೆಯುವ ಈ ಸೀಮೆಯ ಜನ ಹೊಟ್ಟೆನೋವು, ಮಲಬದ್ಧತೆಗಳಂತಹ ಬೇನೆಗಳಿಗೆ ಸುಲಭವಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವವರಲ್ಲ. ಮನೆಯ ಮದ್ದು, ಪಥ್ಯ, ಆ ಬಳಿಕ ಹಿರಿಯೂರಿನ ವೈದ್ಯರು, ಅದೂ ಸಾಲದಾದಾಗ ಚಿತ್ರದುರ್ಗ, ದಾವಣಗೆರೆ ಅಥವಾ ಬೆಂಗಳೂರು. ಇದು ನಮ್ಮ ಬಹುಪಾಲು ಹಳ್ಳಿಗಳ ಕ್ರಮ.

ಅಂತಹ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಇದು ಇಂಥವರದೇ ಎಂದು ಹೆಸರಿಟ್ಟು ಹೇಳುವ ಕಥೆಯಲ್ಲ. ಯಾರ ಮನೆಯಲ್ಲಿ ಬೇಕಾದರೂ ನಡೆಯಬಹುದಾದದ್ದು. ಅರವತ್ತು ದಾಟಿದ ಯಜಮಾನರಿಗೆ ಕೆಲವು ತಿಂಗಳುಗಳಿಂದ ಆಯಾಸ, ಮಲದಲ್ಲಿ ರಕ್ತ. ಮೂಲವ್ಯಾಧಿಯೆಂದು ತಿಳಿದು ಕಾಲ ಕಳೆದ ಮೇಲೆ ಪರೀಕ್ಷೆಯಾಗಿ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಇರುವುದು ತಿಳಿದುಬಂದಿದೆ. ಶಸ್ತ್ರಚಿಕಿತ್ಸೆ ಆಗಲೇಬೇಕು. ಹೊಟ್ಟೆಯನ್ನು ತೆರೆದೂ ಮಾಡಬಹುದು, ಸಣ್ಣ ರಂಧ್ರಗಳ ಮೂಲಕವೂ ಮಾಡಬಹುದು ಎಂದು ವೈದ್ಯರು ತಿಳಿಸಿದ್ದಾರೆ. ಸಂಜೆ ಜಗಲಿಯ ಮೇಲೆ ಮನೆಮಂದಿ ಕೂಡಿದ್ದಾರೆ.

‘ತೂತಿನೊಳಗಿಂದ ಮಾಡಿದರೆ ಗಡ್ಡೆ ಪೂರ್ತಾ ಬರುತ್ತದೇನಪ್ಪಾ? ಬೇರು ಒಳಗೇ ಉಳಿದುಕೊಂಡರೆ?’ ಎಂಬುದು ಯಜಮಾನರ ಶಂಕೆ. ‘ಈಗೆಲ್ಲ ಹಾಗೇ ಮಾಡುವುದು, ಅಪ್ಪಾಜಿ. ಹೊಟ್ಟೆ ಕೊಯ್ಸಿಕೊಂಡು ತಿಂಗಳುಗಟ್ಟಲೆ ಮಲಗುವುದೇಕೆ? ಒಂದೆಕರೆ ತೋಟ ಹೋದರೆ ಹೋಗಲಿ’ ಎಂಬುದು ಕಿರಿಯ ಮಗನ ಮಾತು. ‘ಹಿಂದಿನಿಂದ ಮಾಡಿಕೊಂಡು ಬಂದದ್ದೇ ಗಟ್ಟಿ, ಹೊಸದನ್ನು ನಂಬಿ ಕೆಡುವುದು ಬೇಡ’ ಎಂಬುದು ಹಿರಿಯ ಮಗನ ವಾದ. ಮಾತು ಮುಗಿಯುವುದಿಲ್ಲ, ದಿನಗಳು ಮಾತ್ರ ಉರುಳುತ್ತವೆ.

ಈ ಮೂವರ ಮಾತಿನಲ್ಲಿಯೂ ಒಂದಿಷ್ಟು ನಿಜವಿದೆ, ಒಂದಿಷ್ಟು ತಪ್ಪು ತಿಳಿವಳಿಕೆಯೂ ಇದೆ. ಈ ಪ್ರಶ್ನೆಯನ್ನು ವೈದ್ಯಲೋಕವೇ ಹತ್ತಾರು ವರ್ಷ ಚರ್ಚಿಸಿ, ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ ಉತ್ತರ ಕಂಡುಕೊಂಡಿದೆ. ಆ ಉತ್ತರವನ್ನು ನಮ್ಮ ಕುಟುಂಬಗಳು ಅರಿತಿರುವುದು ಒಳಿತು.

ರೋಗದ ಸ್ವರೂಪ

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರು ಉದ್ದದ ನಾಳ. ಹೊಟ್ಟೆಯ ಬಲ ಕೆಳಭಾಗದಲ್ಲಿ ಆರಂಭವಾಗಿ ಮೇಲಕ್ಕೇರಿ, ಅಡ್ಡಲಾಗಿ ಹಾಯ್ದು, ಎಡಭಾಗದಲ್ಲಿ ಇಳಿದು ಗುದನಾಳವನ್ನು ಸೇರುತ್ತದೆ. ಅದರ ಒಳಪದರದಲ್ಲಿ ಮೊದಲು ಚಿಕ್ಕ ಗಂಟಿನಂತೆ ಬೆಳೆಯುವ ದುರ್ಮಾಂಸ, ಅನೇಕ ವರ್ಷಗಳ ಅವಧಿಯಲ್ಲಿ ಕ್ಯಾನ್ಸರಾಗಿ ಮಾರ್ಪಡಬಹುದು. ಬಲಭಾಗದಲ್ಲಿ ಬೆಳೆದ ಗಡ್ಡೆ ಕಣ್ಣಿಗೆ ಕಾಣದಂತೆ ರಕ್ತ ಸೋರಿಸಿ ರಕ್ತಹೀನತೆ, ನಿಶ್ಶಕ್ತಿಗಳನ್ನು ತರುತ್ತದೆ. ಎಡಭಾಗದ್ದು ಮಲದ ದಾರಿಯನ್ನು ಕಿರಿದಾಗಿಸಿ ಮಲಬದ್ಧತೆ, ಹೊಟ್ಟೆಯುಬ್ಬರ, ರಕ್ತಸ್ರಾವಗಳನ್ನುಂಟುಮಾಡುತ್ತದೆ.

ದೊಡ್ಡ ಕರುಳು ಮತ್ತು ಗುದನಾಳಗಳ ಕ್ಯಾನ್ಸರನ್ನು ಒಟ್ಟಾಗಿ ಎಣಿಸಿದರೆ, 2022ರ ಜಾಗತಿಕ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ 19 ಲಕ್ಷಕ್ಕೂ ಹೆಚ್ಚು ಜನ ಹೊಸದಾಗಿ ಇದಕ್ಕೆ ತುತ್ತಾದರು. ಸುಮಾರು 9 ಲಕ್ಷ ಜನ ಮರಣ ಹೊಂದಿದರು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮ ದೇಶದಲ್ಲಿ ಇದರ ಪ್ರಮಾಣ ಕಡಿಮೆ. ಆದರೆ ‘ನಾವು ಸಸ್ಯಾಹಾರಿಗಳು, ನಮಗೆ ಇದು ಬಾರದು’ ಎಂದು ನಿಶ್ಚಿಂತರಾಗಿರುವುದು ಸರಿಯಲ್ಲ. ಸೊಪ್ಪು, ಕಾಳು, ರಾಗಿ, ಜೋಳಗಳ ಊಟ ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ವಯಸ್ಸು, ವಂಶದ ಹಿನ್ನೆಲೆ, ಬೊಜ್ಜು, ತಂಬಾಕು, ಮದ್ಯಪಾನ ಇವೆಲ್ಲವೂ ಕಾರಣಗಳಲ್ಲಿ ಸೇರಿವೆ.

ದಾರಿ ಎರಡು, ಕೆಲಸ ಒಂದು

ಗಡ್ಡೆ ಕರುಳಿನ ಆಚೆಗೆ, ದೂರದ ಅಂಗಗಳಿಗೆ ಹರಡದಿದ್ದಾಗ ಶಸ್ತ್ರಚಿಕಿತ್ಸೆಯೇ ಮುಖ್ಯ ಚಿಕಿತ್ಸೆ. ಹೊಲದಲ್ಲಿ ಗರಿಕೆ ಕಿತ್ತವರಿಗೆ ಇದರ ತತ್ತ್ವ ಬೇಗ ತಿಳಿಯುತ್ತದೆ. ಮೇಲಿನ ಎಲೆಯನ್ನು ಕೊಯ್ದರೆ ಗರಿಕೆ ಹೋಗದು. ನೆಲದೊಳಗೆ ಹಬ್ಬಿದ ಬೇರನ್ನು ಸಮೇತ ತೆಗೆಯಬೇಕು. ಹಾಗೆಯೇ ವೈದ್ಯರು ಗಡ್ಡೆಯೊಂದನ್ನೇ ತೆಗೆಯುವುದಿಲ್ಲ. ಗಡ್ಡೆಯ ಎರಡೂ ಬದಿಗೆ ಸಾಕಷ್ಟು ಆರೋಗ್ಯಕರ ಕರುಳನ್ನೂ, ಆ ಭಾಗಕ್ಕೆ ರಕ್ತ ಒದಗಿಸುವ ನಾಳಗಳನ್ನೂ, ಆ ನಾಳಗಳ ಗುಂಟ ಇರುವ ಹಾಲ್ರಸ ಗ್ರಂಥಿಗಳನ್ನೂ ಅವುಗಳ ಹೊದಿಕೆಯೊಡನೆ ಒಂದೇ ತುಂಡಾಗಿ ತೆಗೆದು, ಉಳಿದ ಎರಡು ತುದಿಗಳನ್ನು ಜೋಡಿಸುತ್ತಾರೆ. ತೆಗೆದ ಭಾಗವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವಾಗ ಕನಿಷ್ಠ 12 ಗ್ರಂಥಿಗಳಾದರೂ ದೊರೆತಿರಬೇಕೆಂಬುದು ಒಪ್ಪಿತವಾದ ಅಳತೆ. ರೋಗ ಯಾವ ಹಂತದಲ್ಲಿದೆ, ಮುಂದೆ ಕೀಮೋಥೆರಪಿ ಬೇಕೇ ಬೇಡವೇ ಎಂಬುದು ಬಹುಮಟ್ಟಿಗೆ ಇದರಿಂದಲೇ ತಿಳಿಯುತ್ತದೆ.

ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯ ನಡುವೆ ಉದ್ದವಾದ ಛೇದನ ಮಾಡಿ, ವೈದ್ಯರು ಕರುಳನ್ನು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ಈ ಕೆಲಸವನ್ನು ಮಾಡುತ್ತಾರೆ.

ಉದರದರ್ಶಕ ವಿಧಾನದಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಸುಮಾರು ಅರ್ಧದಿಂದ ಒಂದೂಕಾಲು ಸೆಂಟಿಮೀಟರಿನ ನಾಲ್ಕೈದು ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉದ್ದನೆಯ ಸಲಕರಣೆಗಳನ್ನು ಒಳಗಿಳಿಸಿ, ಪರದೆಯ ಮೇಲೆ ದೊಡ್ಡದಾಗಿ ಕಾಣುವ ಚಿತ್ರವನ್ನು ನೋಡುತ್ತ ಅದೇ ನಾಳಗಳನ್ನು ಕಟ್ಟಿ, ಅದೇ ಗ್ರಂಥಿಗಳನ್ನು ಬಿಡಿಸುತ್ತಾರೆ. ಹಾಗಾದರೆ ಅಷ್ಟು ದೊಡ್ಡ ಭಾಗ ಹೊರಗೆ ಬರುವುದು ಹೇಗೆ? ಅದಕ್ಕೆಂದೇ ಕೊನೆಯಲ್ಲಿ ಐದಾರು ಸೆಂಟಿಮೀಟರಿನ ಒಂದು ಛೇದನ ಮಾಡಿ, ಅದರ ಅಂಚಿಗೆ ರಕ್ಷಣೆಯ ಹೊದಿಕೆ ತೊಡಿಸಿ, ತುಂಡನ್ನು ಹೊರತೆಗೆಯುತ್ತಾರೆ. ಆದ್ದರಿಂದ ಗಡ್ಡೆಯನ್ನು ತೂತಿನೊಳಗಿಂದ ಚೂರುಚೂರಾಗಿ ತೆಗೆಯುತ್ತಾರೆಂಬ ಕಲ್ಪನೆ ನಿಜವಲ್ಲ. ಎರಡೂ ವಿಧಾನಗಳಿಗೆ ಪೂರ್ಣ ಅರಿವಳಿಕೆ ಬೇಕು; ಎರಡೂ ದೊಡ್ಡ ಶಸ್ತ್ರಚಿಕಿತ್ಸೆಗಳೇ. ಬದಲಾಗುವುದು ಒಳಹೋಗುವ ದಾರಿ ಮಾತ್ರ.

ಸಂದೇಹದ ವರ್ಷಗಳು

‘ಲ್ಯಾಪ್ರೋಸ್ಕೋಪ್’ ಎಂಬ ಮಾತು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಕುಟುಂಬ ಯೋಜನೆಯ ಶಿಬಿರಗಳಲ್ಲಿ ಈ ಉಪಕರಣದಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ತಾಯಂದಿರು ಅನೇಕ ಮನೆಗಳಲ್ಲಿ ಇದ್ದಾರೆ. ಆದರೆ ಆ ಚಿಕ್ಕ ಕೆಲಸಕ್ಕೂ ಕರುಳನ್ನು ಕತ್ತರಿಸಿ ಜೋಡಿಸುವ ಕೆಲಸಕ್ಕೂ ಬಹಳ ಅಂತರವುಂಟು.

1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಎಂಬ ಶಸ್ತ್ರವೈದ್ಯರು ಉದರದರ್ಶಕದ ಮೂಲಕ ಪಿತ್ತಕೋಶವನ್ನು ತೆಗೆದರು. ಭಾರತದಲ್ಲಿ ಅದೇ ಶಸ್ತ್ರಚಿಕಿತ್ಸೆಯನ್ನು 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಮೊದಲು ಮಾಡಿದವರು ಡಾ. ತೆಹೆಮ್‌ಟನ್ ಉದ್ವಾಡಿಯಾ. ಅದೇ ಹೊತ್ತಿಗೆ ಅಮೆರಿಕದಲ್ಲಿ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯೂ ಈ ವಿಧಾನದಲ್ಲಿ ಆರಂಭವಾಯಿತು. ಪಿತ್ತಕೋಶದ ಕಲ್ಲಿನ ವಿಷಯದಲ್ಲಿ ಹೊಸ ವಿಧಾನ ಕೆಲವೇ ವರ್ಷಗಳಲ್ಲಿ ಎಲ್ಲೆಡೆ ಮನ್ನಣೆ ಪಡೆಯಿತು. ಕರುಳಿನ ಕ್ಯಾನ್ಸರಿನ ವಿಷಯದಲ್ಲಿ ಹಾಗಾಗಲಿಲ್ಲ.

ಅದಕ್ಕೆ ಬಲವಾದ ಕಾರಣವೂ ಇತ್ತು. ಸಲಕರಣೆ ತೂರಿಸಿದ ರಂಧ್ರಗಳ ಜಾಗದಲ್ಲಿಯೇ ಕ್ಯಾನ್ಸರ್ ಮತ್ತೆ ಮೊಳೆತ ಪ್ರಸಂಗಗಳು ವೈದ್ಯಪತ್ರಿಕೆಗಳಲ್ಲಿ ವರದಿಯಾಗತೊಡಗಿದವು. 1994ರಲ್ಲಿ ಹಾಲೆಂಡಿನ ವೈದ್ಯರು ತಮ್ಮ 14 ರೋಗಿಗಳಲ್ಲಿ ಮೂವರಿಗೆ ಹೀಗಾಯಿತೆಂದು ಪ್ರಕಟಿಸಿದಾಗ ವೈದ್ಯಲೋಕ ಬೆಚ್ಚಿತು. ಅದೇ ವರ್ಷ ಅಮೆರಿಕದ ಕರುಳು ಶಸ್ತ್ರವೈದ್ಯರ ಸಂಘವು, ವಿಧಿಬದ್ಧವಾದ ಅಧ್ಯಯನದ ಹೊರಗೆ ಕ್ಯಾನ್ಸರಿಗೆ ಈ ವಿಧಾನವನ್ನು ಬಳಸಬಾರದೆಂಬ ನಿಲುವನ್ನು ತಳೆಯಿತು. ನಮ್ಮ ಜಗಲಿಯ ಯಜಮಾನರ ಶಂಕೆ ಅಜ್ಞಾನದ ಶಂಕೆಯಲ್ಲ; ಒಂದು ಕಾಲಕ್ಕೆ ನುರಿತ ಶಸ್ತ್ರವೈದ್ಯರೇ ಹೊಂದಿದ್ದ ಶಂಕೆ ಎಂಬುದನ್ನು ಮಕ್ಕಳು ಮರೆಯಬಾರದು.

ಅಧ್ಯಯನಗಳು ಹೇಳಿದ್ದೇನು?

ಶಂಕೆಯನ್ನು ವಾದದಿಂದ ನಿವಾರಿಸಲಾಗದು, ಪರೀಕ್ಷೆಯಿಂದ ಮಾತ್ರ ಸಾಧ್ಯ. ಅಮೆರಿಕ ಮತ್ತು ಕೆನಡಾಗಳ 48 ಆಸ್ಪತ್ರೆಗಳಲ್ಲಿ 872 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪುಗಳಾಗಿ ಹಂಚಿ, ಒಂದು ಗುಂಪಿಗೆ ತೆರೆದ ಶಸ್ತ್ರಚಿಕಿತ್ಸೆಯನ್ನೂ ಇನ್ನೊಂದಕ್ಕೆ ಉದರದರ್ಶಕ ಶಸ್ತ್ರಚಿಕಿತ್ಸೆಯನ್ನೂ ಮಾಡಿ ವರ್ಷಗಟ್ಟಲೆ ಗಮನಿಸಲಾಯಿತು. 2004ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮೂರು ವರ್ಷಗಳಲ್ಲಿ ರೋಗ ಮರುಕಳಿಸಿದ್ದು ಉದರದರ್ಶಕದ ಗುಂಪಿನಲ್ಲಿ ಶೇ. 16, ತೆರೆದ ಗುಂಪಿನಲ್ಲಿ ಶೇ. 18. ಜೀವಂತವಿದ್ದವರು ಕ್ರಮವಾಗಿ ಶೇ. 86 ಮತ್ತು ಶೇ. 85. ಗಾಯದ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ಎರಡೂ ಗುಂಪುಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಐದು ವರ್ಷಗಳ ಲೆಕ್ಕ 2007ರಲ್ಲಿ ಬಂದಾಗಲೂ ಎರಡು ಗುಂಪುಗಳ ನಡುವೆ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ.

ಇಲ್ಲಿ ಒಂದು ಮಾತು ಮುಖ್ಯ. ಒಂದೆರಡು ಅಂಕಗಳ ಅಂತರವನ್ನು ಕಂಡು ‘ಇದೇ ಮೇಲು’ ಎಂದು ತೀರ್ಮಾನಿಸಲಾಗದು. ಅಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದು. ಯುರೋಪಿನ ದೊಡ್ಡ ಅಧ್ಯಯನವೊಂದರ ಮೂರು ವರ್ಷಗಳ ಫಲಿತಾಂಶದಲ್ಲಿ ಅಂಕಗಳು ತುಸು ತೆರೆದ ವಿಧಾನದ ಕಡೆಗೇ ಇದ್ದವು. ಒಟ್ಟಿನಲ್ಲಿ ತಿಳಿದುಬಂದದ್ದು ಇಷ್ಟು: ನುರಿತ ಕೈಗಳಲ್ಲಿ, ತಕ್ಕ ರೋಗಿಗಳಲ್ಲಿ, ದೊಡ್ಡ ಕರುಳಿನ ಕ್ಯಾನ್ಸರನ್ನು ಗುಣಪಡಿಸುವ ಶಕ್ತಿ ಎರಡೂ ವಿಧಾನಗಳಿಗೆ ಸಮವಾಗಿದೆ.

ಹಾಗಾದರೆ ರಂಧ್ರಗಳ ಜಾಗದಲ್ಲಿ ರೋಗ ಮೊಳೆಯುತ್ತಿದ್ದುದೇಕೆ? ಉಪಕರಣದ ದೋಷಕ್ಕಿಂತ ಹೆಚ್ಚಾಗಿ ಅನುಭವದ ಕೊರತೆಯೇ ಕಾರಣವೆಂಬುದು ಬಳಿಕ ಮನವರಿಕೆಯಾಯಿತು. ಗಡ್ಡೆಯನ್ನು ನೇರವಾಗಿ ಹಿಡಿಯದಿರುವುದು, ಹೊರತೆಗೆಯುವಾಗ ಗಾಯದ ಅಂಚನ್ನು ಮುಚ್ಚುವುದು ಮೊದಲಾದ ಎಚ್ಚರಿಕೆಗಳು ನೆಲೆಗೊಂಡ ಮೇಲೆ ಆ ಭಯ ಹಿಂದೆ ಸರಿಯಿತು.

ಲಾಭವಿರುವುದು ಎಲ್ಲಿ?

ಗುಣವಾಗುವುದು ಸಮವೆಂದ ಮೇಲೆ ಉದರದರ್ಶಕದ ಪ್ರಯೋಜನವೇನು? ಅದು ಶಸ್ತ್ರಚಿಕಿತ್ಸೆಯ ಅನಂತರದ ಮೊದಲ ಕೆಲವು ವಾರಗಳಲ್ಲಿ ಕಾಣುತ್ತದೆ. ಮೇಲೆ ಹೇಳಿದ ಅಮೆರಿಕದ ಅಧ್ಯಯನದಲ್ಲಿ ಛೇದನದ ಉದ್ದ ತೆರೆದ ವಿಧಾನದಲ್ಲಿ 18 ಸೆಂಟಿಮೀಟರಿನಷ್ಟಿದ್ದರೆ ಇದರಲ್ಲಿ 6 ಸೆಂಟಿಮೀಟರಿನಷ್ಟಿತ್ತು. ತೀವ್ರ ನೋವುನಿವಾರಕ ಚುಚ್ಚುಮದ್ದು ನಾಲ್ಕು ದಿನದ ಬದಲು ಮೂರು ದಿನ ಸಾಕಾಯಿತು. ಆಸ್ಪತ್ರೆಯ ವಾಸ ಆರು ದಿನದಿಂದ ಐದಕ್ಕಿಳಿಯಿತು. ಕರುಳಿನ ಚಲನೆ ಬೇಗ ಮರಳುವುದು, ರಕ್ತನಷ್ಟ ಕಡಿಮೆಯಾಗುವುದು, ಗಾಯದಲ್ಲಿ ಕೀವಾಗುವ ಸಂಭವ ತಗ್ಗುವುದು ಇವೂ ಇದರ ಅನುಕೂಲಗಳು. ಕೀಮೋಥೆರಪಿ ಬೇಕಾದವರಿಗೆ ಬೇಗ ಚೇತರಿಸಿಕೊಂಡರೆ ಅದನ್ನು ಸಕಾಲದಲ್ಲಿ ಆರಂಭಿಸಲು ಸಹಾಯವಾಗುತ್ತದೆ.

ಇವು ಒಳ್ಳೆಯ ಲಾಭಗಳು, ಆದರೆ ಪವಾಡಗಳಲ್ಲ. ಆಸ್ಪತ್ರೆಯ ವಾಸದಲ್ಲಿ ಉಳಿದದ್ದು ಒಂದು ದಿನ ಎಂಬುದನ್ನು ಗಮನಿಸಬೇಕು. ಶಸ್ತ್ರಚಿಕಿತ್ಸೆಗೆ ಹಿಡಿಯುವ ಸಮಯ ಇದರಲ್ಲಿ ಹೆಚ್ಚು: ಅದೇ ಅಧ್ಯಯನದಲ್ಲಿ 95 ನಿಮಿಷದ ಬದಲು 150 ನಿಮಿಷ. ಹೊಟ್ಟೆಗೆ ತುಂಬಿದ ಅನಿಲದಿಂದ ಒಂದೆರಡು ದಿನ ಹೆಗಲು ನೋಯುವುದುಂಟು. ಕರುಳಿನ ಜೋಡಣೆ ಬಿಟ್ಟು ಸೋರುವ ಅಪಾಯ, ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದದ್ದು, ಎರಡೂ ವಿಧಾನಗಳಲ್ಲಿ ಇದ್ದೇ ಇದೆ. ಮನೆಗೆ ಬಂದ ಮೇಲೆಯೂ ವೈದ್ಯರು ಹೇಳುವವರೆಗೆ ಮೂಟೆ ಹೊರುವುದು, ಗುದ್ದಲಿ ಹಿಡಿಯುವುದು ಇಬ್ಬರಿಗೂ ಸಲ್ಲದು. ಹೊರಗೆ ಗಾಯ ಚಿಕ್ಕದಾಗಿ ಕಂಡರೂ ಒಳಗೆ ಕರುಳಿನ ಜೋಡಣೆ ಮಾಯಬೇಕಾಗಿರುತ್ತದೆ.

ತೆರೆದ ಶಸ್ತ್ರಚಿಕಿತ್ಸೆಯಾದವರ ಚೇತರಿಕೆಯೂ ಹಿಂದಿನಂತಿಲ್ಲ. ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ ಅವರು 1990ರ ದಶಕದಲ್ಲಿ ರೂಪಿಸಿದ ಕ್ರಮದಂತೆ, ದೀರ್ಘ ಉಪವಾಸವನ್ನು ತಪ್ಪಿಸಿ, ನೋವನ್ನು ಚೆನ್ನಾಗಿ ಹತೋಟಿಯಲ್ಲಿಟ್ಟು, ಬೇಗನೆ ನೀರು ಆಹಾರ ಕೊಟ್ಟು, ಮರುದಿನವೇ ಹಾಸಿಗೆಯಿಂದ ಎಬ್ಬಿಸಿ ನಡೆಸುವ ಪದ್ಧತಿ ಅನೇಕ ಕಡೆಗಳಲ್ಲಿ ಬಂದಿದೆ. ‘ಹೊಟ್ಟೆ ಕೊಯ್ದಿದ್ದಾರೆ, ಅಲುಗಾಡಬೇಡಿ’ ಎಂದು ಪ್ರೀತಿಯಿಂದ ಮಲಗಿಸಿಡುವ ಮನೆಮಂದಿ ಇದನ್ನು ತಿಳಿಯಬೇಕು. ಮಲಗಿಯೇ ಇರುವುದರಿಂದ ಶ್ವಾಸಕೋಶದಲ್ಲಿ ಕಫ ಕಟ್ಟುವುದಲ್ಲದೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ.

ತೆರೆದ ವಿಧಾನವೇ ಲೇಸಾಗುವ ಸಂದರ್ಭಗಳು

ಗಡ್ಡೆಯಿಂದ ಕರುಳು ಪೂರ್ಣ ಕಟ್ಟಿಕೊಂಡು ಹೊಟ್ಟೆ ಉಬ್ಬಿದಾಗ, ಕರುಳು ಒಡೆದು ಸೋಂಕು ಹರಡಿದಾಗ, ಗಡ್ಡೆ ಬಹಳ ದೊಡ್ಡದಾಗಿ ಪಕ್ಕದ ಅಂಗಗಳಿಗೆ ಅಂಟಿದಾಗ, ಹಿಂದಿನ ಶಸ್ತ್ರಚಿಕಿತ್ಸೆಗಳಿಂದ ಕರುಳುಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುವಾಗ ತೆರೆದ ಶಸ್ತ್ರಚಿಕಿತ್ಸೆ ಹೆಚ್ಚು ಸುರಕ್ಷಿತವಾಗಬಹುದು. ಹೃದಯ, ಶ್ವಾಸಕೋಶಗಳ ಕಾಯಿಲೆ ತೀವ್ರವಾಗಿದ್ದವರು ಹೊಟ್ಟೆಗೆ ಅನಿಲ ತುಂಬಿದಾಗಿನ ಒತ್ತಡವನ್ನು ತಾಳಲಾರರು. ಇದಲ್ಲದೆ ಗುದನಾಳದ ಕೆಳಭಾಗದ ಕ್ಯಾನ್ಸರಿನ ಲೆಕ್ಕವೇ ಬೇರೆ. ಅಲ್ಲಿ ಜಾಗ ಇಕ್ಕಟ್ಟು, ಕೆಲಸ ಕಠಿಣ. 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳೂ ಆ ವಿಷಯದಲ್ಲಿ ಒಂದೇ ಮಾತನ್ನು ಹೇಳಲಿಲ್ಲ. ಕರುಳಿನ ಕ್ಯಾನ್ಸರಿನ ಮಾತನ್ನು ಗುದನಾಳದ ಕ್ಯಾನ್ಸರಿಗೆ ಹಾಗೆಯೇ ಅನ್ವಯಿಸಬಾರದು.

ಉದರದರ್ಶಕದಿಂದ ಆರಂಭಿಸಿದ ಮೇಲೆ ರಕ್ತಸ್ರಾವವೋ ಅಂಟಿಕೆಯೋ ಎದುರಾದರೆ ವೈದ್ಯರು ಹೊಟ್ಟೆಯನ್ನು ತೆರೆಯಬೇಕಾಗುತ್ತದೆ. ಅಮೆರಿಕದ ಅಧ್ಯಯನದಲ್ಲಿ ಶೇ. 21 ರೋಗಿಗಳಿಗೆ ಹೀಗೆ ಮಾಡಬೇಕಾಯಿತು. ಇಂಗ್ಲೆಂಡಿನ ಇನ್ನೊಂದು ಅಧ್ಯಯನದಲ್ಲಿ ಮೊದಲ ವರ್ಷ ಶೇ. 38ರಷ್ಟಿದ್ದ ಈ ಪ್ರಮಾಣ, ವೈದ್ಯರ ಕೈ ಪಳಗಿದಂತೆ ಆರನೆಯ ವರ್ಷಕ್ಕೆ ಶೇ. 16ಕ್ಕೆ ಇಳಿಯಿತು. ಈ ಒಂದು ಲೆಕ್ಕವೇ ಅನುಭವದ ಬೆಲೆಯನ್ನು ಸಾರುತ್ತದೆ. ಹೊರಗೆ ಕಾದು ಕುಳಿತ ಬಂಧುಗಳಿಗೆ ‘ಹೊಟ್ಟೆ ತೆರೆಯಬೇಕಾಯಿತು’ ಎಂಬ ಸುದ್ದಿ ಬಂದಾಗ ವೈದ್ಯರು ಸೋತರೆಂದು ತಿಳಿಯುವುದು ತಪ್ಪು. ರೋಗಿಯ ಹಿತಕ್ಕಾಗಿ ಸಕಾಲದಲ್ಲಿ ದಾರಿ ಬದಲಿಸುವುದು ವಿವೇಕದ ಲಕ್ಷಣ.

ಖರ್ಚಿನ ಮಾತು

ಉದರದರ್ಶಕ ವಿಧಾನದಲ್ಲಿ ಬಳಸುವ ಸಲಕರಣೆಗಳು ದುಬಾರಿ. ಖಾಸಗಿ ಆಸ್ಪತ್ರೆಗಳಲ್ಲಿ ಅದರ ವೆಚ್ಚ ಸಾಮಾನ್ಯವಾಗಿ ಹೆಚ್ಚು. ಇಲ್ಲಿಯೇ ಕಿರಿಯ ಮಗನ ‘ಒಂದೆಕರೆ ಹೋದರೆ ಹೋಗಲಿ’ ಎಂಬ ಮಾತನ್ನು ತೂಗಿ ನೋಡಬೇಕು. ತಂದೆಯ ಪ್ರಾಣಕ್ಕಾಗಿ ತೋಟ ಮಾರುವುದು ಬೇರೆ. ಗಾಯದ ಉದ್ದ ತಗ್ಗಿಸಲು ತೋಟ ಮಾರುವುದು ಬೇರೆ. ಗುಣವಾಗುವ ಸಾಧ್ಯತೆ ಸಮವಾಗಿರುವಾಗ, ತೆರೆದ ಶಸ್ತ್ರಚಿಕಿತ್ಸೆಯನ್ನು ಮಾಡಿಸಿದೆವೆಂದು ಯಾವ ಮಗನೂ ಯಾವ ಸೊಸೆಯೂ ತಪ್ಪಿತಸ್ಥ ಭಾವದಿಂದ ಕೊರಗಬೇಕಾಗಿಲ್ಲ. ಉಳಿದ ಹಣ ಮುಂದೆ ಕೀಮೋಥೆರಪಿಗೆ, ಪರೀಕ್ಷೆಗಳಿಗೆ, ಓಡಾಟಕ್ಕೆ ಬೇಕಾಗುತ್ತದೆ ಎಂಬುದನ್ನೂ ನೆನಪಿಡಬೇಕು.

1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಕ್ಯಾನ್ಸರಿಗೆಂದೇ ಇರುವ ಸರ್ಕಾರಿ ಸ್ವಾಯತ್ತ ಸಂಸ್ಥೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವುಂಟು, ಎ.ಪಿ.ಎಲ್. ಕುಟುಂಬಗಳಿಗೆ ನಿಗದಿತ ವೆಚ್ಚದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ದೊರೆಯುತ್ತದೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ ನಡುವೆ ನಿಂತಿದ್ದ ಯಶಸ್ವಿನಿ ಯೋಜನೆಯೂ 2022ರಲ್ಲಿ ಮರುಜೀವ ಪಡೆಯಿತು. ಪಡಿತರ ಚೀಟಿ, ಆಧಾರ್ ಕಾರ್ಡುಗಳನ್ನು ಜೊತೆಗೊಯ್ದು, ಯಾವ ಆಸ್ಪತ್ರೆಯಲ್ಲಿ ಯಾವ ವಿಧಾನ ಯೋಜನೆಗೆ ಒಳಪಡುತ್ತದೆಂಬುದನ್ನು ದಾಖಲಾಗುವ ಮೊದಲೇ ವಿಚಾರಿಸಿಕೊಳ್ಳುವುದು ಜಾಣತನ.

ನಮ್ಮ ಮನೆಗಳ ಕೆಲವು ಪ್ರಶ್ನೆಗಳು

ಶಸ್ತ್ರಚಿಕಿತ್ಸೆಗೆ ಒಳಗಾಗುವಾಗ ಇಷ್ಟಲಿಂಗವನ್ನು ಮೈಮೇಲಿಂದ ತೆಗೆಯಬೇಕೆಂಬುದು ಹಲವು ಹಿರಿಯರನ್ನು ಕಾಡುವ ಸಂಗತಿ. ರಕ್ತ ನಿಲ್ಲಿಸಲು ವಿದ್ಯುತ್ ಉಪಕರಣಗಳನ್ನು ಬಳಸುವುದರಿಂದ ಬೆಳ್ಳಿಯ ಕರಡಿಗೆ, ಸರ, ಉಂಗುರ ಮೊದಲಾದ ಲೋಹದ ವಸ್ತುಗಳು ಮೈಮೇಲಿದ್ದರೆ ಸುಟ್ಟ ಗಾಯವಾಗುವ ಅಪಾಯವಿದೆ. ಆದ್ದರಿಂದ ಈ ನಿಯಮ ಯಾವ ವಿಧಾನದಲ್ಲಿಯೂ ತಪ್ಪದು. ಹಿಂದಿನ ದಿನವೇ ದಾದಿಯರಿಗೆ ತಿಳಿಸಿ, ಲಿಂಗವನ್ನು ಮನೆಯವರೊಬ್ಬರ ಕೈಗೆ ಒಪ್ಪಿಸಿ, ಎಚ್ಚರವಾಗಿ ವೈದ್ಯರು ಒಪ್ಪಿದ ಮೇಲೆ ಮರಳಿ ಧರಿಸಬಹುದು. ಕೊನೆಯ ಗಳಿಗೆಯಲ್ಲಿ ಶಸ್ತ್ರಚಿಕಿತ್ಸೆಯ ಕೊಠಡಿಯ ಬಾಗಿಲಲ್ಲಿ ಗಲಿಬಿಲಿಯಾಗುವುದಕ್ಕಿಂತ ಇದು ಲೇಸು.

ಎರಡನೆಯದು, ಹೊಟ್ಟೆಯ ಮೇಲೆ ಮಲದ ಚೀಲ ಇಡುತ್ತಾರೆಂಬ ಭಯ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಬಹುಮಂದಿಗೆ ಶಾಶ್ವತ ಚೀಲ ಬೇಕಾಗುವುದಿಲ್ಲ. ಕರುಳು ಕಟ್ಟಿ ತುರ್ತಾಗಿ ಮಾಡಿದಾಗ, ಅಥವಾ ಜೋಡಣೆಯನ್ನು ಕಾಪಾಡಲು, ಕೆಲವು ತಿಂಗಳು ಬೇಕಾಗಬಹುದು. ಚೀಲ ಇರುವವರು ಸ್ನಾನ ಮಾಡಲು, ಪೂಜೆಗೆ ಕುಳಿತುಕೊಳ್ಳಲು, ನಾಲ್ಕು ಜನರೊಡನೆ ಬೆರೆಯಲು ವೈದ್ಯಕೀಯವಾಗಿ ಯಾವ ಅಡ್ಡಿಯೂ ಇಲ್ಲ. ಪಂಚಸೂತಕಗಳನ್ನೇ ನಿರಾಕರಿಸಿದ ಶರಣರ ಪರಂಪರೆಗೆ ಸೇರಿದ ಮನೆಯಲ್ಲಿ ಕಾಯಿಲೆಯವರನ್ನು ಮೈಲಿಗೆಯ ಭಾವದಿಂದ ದೂರವಿಡುವುದು ಸಲ್ಲದು.

ಮೂರನೆಯದು ಸಿದ್ಧತೆ. ಶಸ್ತ್ರಚಿಕಿತ್ಸೆಗೆ ಮುನ್ನ ಸಿಗುವ ಒಂದೆರಡು ವಾರಗಳನ್ನು ಚಿಂತೆಯಲ್ಲಿ ಕಳೆಯದೆ, ಬೀಡಿ ತಂಬಾಕುಗಳನ್ನು ಬಿಟ್ಟು, ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತಂದು, ರಕ್ತಹೀನತೆಗೆ ಚಿಕಿತ್ಸೆ ಪಡೆದು, ನಿತ್ಯ ನಡೆದು, ಮೂರು ಚೆಂಡುಗಳ ಉಪಕರಣದಲ್ಲಿ ಉಸಿರೆಳೆಯುವ ಅಭ್ಯಾಸ ಮಾಡಿದರೆ ಚೇತರಿಕೆ ಸುಗಮವಾಗುತ್ತದೆ.

ವೈದ್ಯರಲ್ಲಿ ಕೇಳಬೇಕಾದದ್ದು

ವೈದ್ಯರನ್ನು ಪ್ರಶ್ನಿಸುವುದು ಅವಿನಯವೆಂದು ನಮ್ಮ ಹಿರಿಯರು ಭಾವಿಸುತ್ತಾರೆ. ವಿನಯದಿಂದ ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ. ಈ ಕೆಲವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಬಹುದು:

1. ಗಡ್ಡೆ ಕರುಳಿನ ಯಾವ ಭಾಗದಲ್ಲಿದೆ? ಬೇರೆಡೆಗೆ ಹರಡಿದೆಯೇ?

2. ನಮ್ಮ ರೋಗಿಗೆ ತಾವು ಯಾವ ವಿಧಾನವನ್ನು ಸೂಚಿಸುವಿರಿ, ಅದಕ್ಕೆ ಕಾರಣವೇನು?

3. ಈ ಶಸ್ತ್ರಚಿಕಿತ್ಸೆಯನ್ನು ಈ ವಿಧಾನದಲ್ಲಿ ತಾವು ಎಷ್ಟು ಮಾಡಿರುವಿರಿ? ನಡುವೆ ಹೊಟ್ಟೆ ತೆರೆಯಬೇಕಾಗಿ ಬಂದದ್ದು ಎಷ್ಟು ಸಲ?

4. ಮಲದ ಚೀಲ ಬೇಕಾಗಬಹುದೇ? ಬೇಕಾದರೆ ಎಷ್ಟು ಕಾಲ?

5. ಒಟ್ಟು ವೆಚ್ಚವೆಷ್ಟು? ಸರ್ಕಾರದ ಯೋಜನೆಯಲ್ಲಿ ಎಷ್ಟು ದೊರೆಯುತ್ತದೆ?

6. ಪರೀಕ್ಷಾ ವರದಿಯಲ್ಲಿ ಎಷ್ಟು ಗ್ರಂಥಿಗಳು ದೊರೆತವು? ಕೀಮೋಥೆರಪಿ ಬೇಕೇ?

ಇವುಗಳಲ್ಲಿ ಮೂರನೆಯ ಪ್ರಶ್ನೆಗೆ ಹೆಚ್ಚಿನ ಮಹತ್ವವಿದೆ. ತೆರೆದ ವಿಧಾನದಲ್ಲಿ ಪಳಗಿದ ವೈದ್ಯರಿಗೆ ‘ತೂತಿನಲ್ಲೇ ಮಾಡಿ’ ಎಂದು ಒತ್ತಾಯಿಸುವುದು, ಉದರದರ್ಶಕದಲ್ಲಿ ನುರಿತವರನ್ನು ‘ಹೊಟ್ಟೆ ತೆರೆದೇ ನೋಡಿ’ ಎಂದು ಕಾಡುವುದು, ಎರಡೂ ರೋಗಿಗೆ ಹಿತವಲ್ಲ.

ಗಾಯ ಮಾದ ಮೇಲೆ

ಹೊಲಿಗೆ ಬಿಚ್ಚಿದ ದಿನ ಚಿಕಿತ್ಸೆ ಮುಗಿಯಿತೆಂದು ತಿಳಿಯಬಾರದು. ಐದು ವರ್ಷಗಳ ಕಾಲ ನಿಗದಿತ ಸಮಯಕ್ಕೆ ರಕ್ತಪರೀಕ್ಷೆ, ಸ್ಕ್ಯಾನ್‌ಗಳನ್ನೂ, ಸಾಮಾನ್ಯವಾಗಿ ಒಂದು ವರ್ಷದ ಬಳಿಕ ಕರುಳುದರ್ಶಕ ಪರೀಕ್ಷೆಯನ್ನೂ ಮಾಡಿಸಬೇಕು. ಸುಗ್ಗಿಯೋ ಮದುವೆಯೋ ಬಂತೆಂದು ಇವನ್ನು ಮುಂದೂಡಬಾರದು. ರೋಗಿಯ ಒಡಹುಟ್ಟಿದವರೂ ಮಕ್ಕಳೂ ತಮಗೆ ತಪಾಸಣೆ ಯಾವ ವಯಸ್ಸಿನಿಂದ ಬೇಕೆಂದು ವೈದ್ಯರನ್ನು ಕೇಳಿ ತಿಳಿಯಬೇಕು.

ಈಗ ಬಬ್ಬೂರಿನ ಆ ಜಗಲಿಗೆ ಮರಳೋಣ. ಯಜಮಾನರಿಗೆ ಹೇಳಬೇಕಾದ ಮಾತು: ನುರಿತವರು ಮಾಡಿದರೆ ಯಾವ ದಾರಿಯಲ್ಲಿಯೂ ಬೇರುಸಹಿತ ತೆಗೆಯುವುದು ಸಾಧ್ಯ. ಹಿರಿಯ ಮಗನಿಗೆ: ಹೊಸದೆಂದು ಅಂಜಿದ ಕಾಲ ಕಳೆದಿದೆ, ಅದು ಪರೀಕ್ಷೆಗೆ ಒಳಗಾಗಿ ಗೆದ್ದಿದೆ. ಕಿರಿಯ ಮಗನಿಗೆ: ತಂದೆಯ ಮೇಲಿನ ಪ್ರೀತಿಯನ್ನು ಎಕರೆಯಲ್ಲಿ ಅಳೆಯಬೇಡ. ಇನ್ನು ಎಲ್ಲರಿಗೂ ಹೇಳಬೇಕಾದ ಮಾತೊಂದಿದೆ. ಈ ದಾರಿಯೋ ಆ ದಾರಿಯೋ ಎಂಬ ಚರ್ಚೆಯಲ್ಲಿ ವಾರಗಳು ತಿಂಗಳುಗಳಾದರೆ ಗಡ್ಡೆ ಕಾಯುವುದಿಲ್ಲ. ಇಂದು ಎರಡು ದಾರಿಗಳಿರುವ ರೋಗಿಗೆ, ಕರುಳು ಕಟ್ಟಿಕೊಂಡ ದಿನ ಉಳಿಯುವುದು ತುರ್ತಾಗಿ ಹೊಟ್ಟೆ ತೆರೆಯುವ ಒಂದೇ ದಾರಿ. ಆದುದರಿಂದ ಮನೆಮಂದಿ ಅಂದೇ ಕೂಡಿ ಒಂದು ನಿರ್ಧಾರಕ್ಕೆ ಬಂದು, ಮರುದಿನ ಬೆಳಗಿನ ಬಸ್ಸಿಗೆ ಹೊರಡುವುದು ಒಳಿತು.